ಹನ್ನೊಂದನೇ ಕುರ್ಚಿ

ನಾನು ಚಿಕ್ಕವಳಿದ್ದಾಗ "ಇದು ನಿನಗಲ್ಲ" ಎಂದು ಯಾರಾದರೂ ಹೇಳಿದರೆ ಮುಗಿಯಿತು, ನನಗೆ ಅದೇ ಬೇಕಾಗುತ್ತಿತ್ತು. ಈಗಲೂ ಹಾಗೆಯೇ ಎಂದು ನಿಮ್ಮ ಅಜ್ಜ ಹೇಳುತ್ತಾರೆ. ಹೇಳಲಿ ಬಿಡಿ. ಇವತ್ತು ನಿಮಗೆ ಹೇಳುವುದು ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯ ಒಂದು ಸಂಜೆಯ ಕತೆ. ಎಂಬತ್ತರ ದಶಕದ ಅರ್ಧ ಆಗಲೇ ದಾಟಿತ್ತು.

ಬಲ್ಮಠದಲ್ಲಿ ಅಪ್ಪನದೊಂದು ಸಣ್ಣ ಹೋಟೆಲಿತ್ತು. ಸಂಜೆ ನಾಲ್ಕಕ್ಕೆ ಗೋಳಿಬಜೆಯ ಎಣ್ಣೆ ಕಾದ ವಾಸನೆ ರಸ್ತೆಯವರೆಗೂ ಹೋಗಿ ಜನರನ್ನು ಎಳೆದು ತರುತ್ತಿತ್ತು. ಮೇ ತಿಂಗಳ ಸೆಕೆಗೆ ಫ್ಯಾನಿನ ಗಾಳಿಯೂ ಬಿಸಿ. ರಜೆಯಲ್ಲಿ ನಾನು ಕೌಂಟರಿನ ಪಕ್ಕ ಸ್ಟೂಲಿನಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದೆ. ಆ ವರ್ಷ ಗಿರಾಕಿಗಳು "ದೋಸೆ ತಡ, ದೋಸೆ ತಡ" ಎಂದು ಗಲಾಟೆ ಮಾಡುತ್ತಿದ್ದರು. ಅದಕ್ಕೆ ಅಪ್ಪ ಎರಡನೇದೊಂದು ದೊಡ್ಡ ಕಾವಲಿ ತರಿಸಿ, ಭಟ್ಟರ ಜೊತೆಗೆ ಇನ್ನೊಬ್ಬ ಅಡುಗೆಯವರನ್ನೂ ಇಟ್ಟರು. ದೋಸೆ ಎರಡು ಪಟ್ಟು ಬೇಗ ಆಗತೊಡಗಿತು. ಆದರೆ ಗಲಾಟೆ ನಿಲ್ಲಲಿಲ್ಲ. ಅಡುಗೆಮನೆಗೆ ಇದ್ದದ್ದು ಒಂದೇ ಇಕ್ಕಟ್ಟಿನ ಬಾಗಿಲು, ಸಪ್ಲೈಯರ್ ಒಬ್ಬರೇ. ಅವರು ಕೈತುಂಬ ಪ್ಲೇಟು ಜೋಡಿಸಿಕೊಂಡು ಎಷ್ಟು ಓಡಿದರೂ, ಒಳಗೆ ಕಟ್ಟೆಯ ಮೇಲೆ ದೋಸೆಗಳು ತಣ್ಣಗಾಗುತ್ತ ಕಾದು ಕೂತಿರುತ್ತಿದ್ದವು. ಅಪ್ಪನಿಗೆ ಅದು ಅರ್ಥವಾಗಿರಲಿಲ್ಲ, ಮೂರನೇ ಕಾವಲಿಯ ಯೋಚನೆಯಲ್ಲಿದ್ದರು.

ಹೋಟೆಲಿನ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುವ ಇನ್‌ಸ್ಟಿಟ್ಯೂಟ್ ಇತ್ತು. ಬೆಳಗಿನಿಂದ ಸಂಜೆಯವರೆಗೆ ನಮ್ಮ ತಲೆಯ ಮೇಲೆ ಟಕಟಕ ಸದ್ದು. ನನ್ನ ಅಕ್ಕ ಅಲ್ಲೇ ಕಲಿತು ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಇನ್‌ಸ್ಟಿಟ್ಯೂಟಿನ ಮಾಷ್ಟ್ರು ಮೊದಲೊಂದು ಕಂಪ್ಯೂಟರ್ ತಂದು, ಆ ಬೇಸಿಗೆಯಲ್ಲಿ ಎರಡನೆಯದನ್ನೂ ತರಿಸುವುದೆಂದು ಗೊತ್ತುಮಾಡಿ, ಕಂಪ್ಯೂಟರ್ ಕ್ಲಾಸ್ ಶುರು ಮಾಡುತ್ತೇವೆಂದು ಬೋರ್ಡು ಹಾಕಿದರು. ಹತ್ತೇ ಸೀಟು. ಮೊದಲು ಹೆಸರು ಕೊಟ್ಟವಳು ನಾನು. ಆದರೆ ಪಟ್ಟಿ ಅಂಟಿಸಿದಾಗ ನೋಡಿದರೆ ಹತ್ತೂ ಹುಡುಗರ ಹೆಸರು, ನನ್ನದಿಲ್ಲ.

"ಹುಡುಗಿಗೆ ಟೈಪಿಂಗ್ ಉಂಟಲ್ಲ, ಅದು ಸಾಕು. ಕಂಪ್ಯೂಟರ್ ಅವಳಿಗೆ ತಲೆಗೆ ಹತ್ತುವ ವಿಷಯ ಅಲ್ಲ" ಎಂದು ಮಾಷ್ಟ್ರು ಅಪ್ಪನಿಗೆ ಹೇಳಿದರಂತೆ. ಅಪ್ಪ "ಆವಡ್, ಇರ್ಲಿ ಬಿಡಿ" ಎಂದರಂತೆ. ಅಪ್ಪನ ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನನ್ನ ತಲೆಗೆ ಹತ್ತಿಯೇ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಆಫೀಸಿನಲ್ಲಿ ರದ್ದಿಗೆ ಹಾಕುತ್ತಿದ್ದ ಕಂಪ್ಯೂಟರ್ ಪತ್ರಿಕೆಗಳನ್ನು ಅಕ್ಕ ಟಿಫಿನ್ ಚೀಲದಲ್ಲಿ ಮನೆಗೆ ತರುತ್ತಿದ್ದಳು. ಅರ್ಥವಾಗದ್ದಕ್ಕೆ ಡಿಕ್ಷನರಿ ಹಿಡಿದು, ಎಣ್ಣೆ ಕಲೆಯಾದ ಆ ಪುಟಗಳನ್ನು ನಾನು ಹರಿಯುವಷ್ಟು ಓದಿದ್ದೆ. ಪ್ರೊಸೆಸರ್ ಎಂದರೆ ಯಂತ್ರದೊಳಗೆ ಲೆಕ್ಕ ಮಾಡುವ ಚಿಪ್. ಆ ಚಿಪ್‌ನಿಂದ ಪರದೆಗೆ, ಮಾಹಿತಿ ತುಂಬಿಡುವ ಫ್ಲಾಪಿಗೆ ಎಲ್ಲವೂ ಓಡಾಡುವ ದಾರಿಗೆ ಬಸ್ ಎಂದು ಹೆಸರು. ಎರಡಕ್ಕೂ ಬೇರೆ ಬೇರೆ ವೇಗ. ಅದನ್ನು ಅಳೆಯುವುದು ಮೆಗಾಹರ್ಟ್ಸ್ ಎಂಬ ಲೆಕ್ಕದಲ್ಲಿ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಬಡಿತ.

ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ದಿನಾ ಸಂಜೆ ಮಾಷ್ಟ್ರು ಮತ್ತು ಅವರ ಗೆಳೆಯ, ಬ್ಯಾಂಕಿನ ಆಫೀಸರ್ ಒಬ್ಬರು, ಇದೇ ಸಂಖ್ಯೆಗಳನ್ನು ಚಾದ ಜೊತೆ ಚಪ್ಪರಿಸುತ್ತಿದ್ದರು. ಇನ್ನೂ ಬಾರದ ಕಂಪ್ಯೂಟರುಗಳ ಜಾತಕ ಬರೆಯುವುದೆಂದರೆ ಇಬ್ಬರಿಗೂ ಹುಚ್ಚು. ಆ ಸಂಜೆ ಹೊಸ ಯಂತ್ರ ಬಂದಿದ್ದ ಖುಷಿಯಲ್ಲಿ ಮಾಷ್ಟ್ರ ದನಿ ಜೋರಾಗಿತ್ತು.

"ಹಳೇದು ಐದು ಸಹ ಇಲ್ಲ, ಇದು ಹನ್ನೆರಡು ಮೆಗಾಹರ್ಟ್ಸ್! ಬರುವ ವರ್ಷ ಹದಿನಾರು ಬರ್ತದೆ, ಮತ್ತೆ ಇಪ್ಪತ್ತೈದು. ಗೊತ್ತುಂಟಾ?"

"ಮೂವತ್ತರ ಮೇಲೆ ಹೋಗ್ಲಿಕ್ಕಿಲ್ಲ ಮಾರಾಯ್ರೆ, ಚಿಪ್ ಕರಗಿ ಹೋದೀತು" ಎಂದರು ಆಫೀಸರ್.

"ಎಂತ ಕರಗುದು? ನೀವು ನೋಡಿ, ಯಾವ ಕೆಲಸ ಕೊಟ್ರೂ ಇದು ಅರ್ಧಕ್ಕಿಂತ ಕಮ್ಮಿ ಸಮಯದಲ್ಲಿ ಮುಗಿಸ್ತದೆ."

"ಎಲ್ಲ ಕೆಲಸ ಹಾಗೆ ಮುಗಿಸುದಿಲ್ಲ" ಎಂದೆ, ಸ್ಟೂಲಿನಿಂದಲೇ. ಬಾಯಿಂದ ಬಂದೇಬಿಟ್ಟಿತ್ತು.

ಇಬ್ಬರೂ ತಿರುಗಿ ನೋಡಿದರು. ಅಪ್ಪ ಕಣ್ಣಲ್ಲೇ ಗದರಿದರು. ನಾನು ನಿಲ್ಲಿಸಲಿಲ್ಲ. "ಪ್ರೊಸೆಸರ್ ಹನ್ನೆರಡು ಇರಬಹುದು ಸರ್. ಬಸ್ಸಿನ ಸ್ಪೀಡ್ ಎಷ್ಟು? ಅಪ್ಪ ದೊಡ್ಡ ಕಾವಲಿ ತಂದ್ರು, ದೋಸೆ ಟೇಬಲ್ಲಿಗೆ ಬೇಗ ಬಂತಾ? ಬಾಗಿಲು ಅದೇ, ಸಪ್ಲೈಯರ್ ಅವರೇ."

ಮಾಷ್ಟ್ರು ಚಾ ಗಂಟಲಿಗೆ ಸಿಕ್ಕಿಸಿಕೊಂಡು ನಕ್ಕರು. ಪಕ್ಕದ ಟೇಬಲ್ಲಿನವರೂ ನಕ್ಕರು. "ಕಂಪ್ಯೂಟರಿಗೂ ದೋಸೆಗೂ ಎಂತ ಸಂಬಂಧ ಮಾರಾಯ್ತಿ? ಬಾ, ಮೇಲೆ ಬಾ. ತೋರಿಸ್ತೇನೆ. ಮತ್ತೆ ಈ ವಿಷಯ ಎತ್ತಬಾರ್ದು, ಆಯ್ತಾ?"

"ನಾನು ಹೇಳಿದ್ದು ಸರಿಯಾದ್ರೆ ನನಗೆ ಸೀಟು ಕೊಡ್ಬೇಕು" ಎಂದೆ. ಎಲ್ಲರ ಮುಂದೆ ಹೇಳಿದ್ದರಿಂದ ಅವರು "ಆಯ್ತು" ಎನ್ನಲೇಬೇಕಾಯಿತು.

ಅಷ್ಟರಲ್ಲಿ ಅಕ್ಕ ಆಫೀಸು ಮುಗಿಸಿ ಬಂದಳು. ನನ್ನ ಮುಖ ನೋಡಿ ಒಂದೂ ಪ್ರಶ್ನೆ ಕೇಳದೆ ಹಿಂದೆಯೇ ಮೆಟ್ಟಿಲು ಹತ್ತಿದಳು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಬೆಳಿಗ್ಗೆ ಪೂಜೆ ಮಾಡಿದ್ದರಿಂದ ಹೊಸ ಯಂತ್ರದ ಹಣೆಗೆ ಕುಂಕುಮ, ಮೇಲೊಂದು ಚೆಂಡು ಮಲ್ಲಿಗೆ. ಊದುಬತ್ತಿಯ ವಾಸನೆಯೂ ಹೊಸ ಪ್ಲಾಸ್ಟಿಕ್ಕಿನ ವಾಸನೆಯೂ ಸೇರಿ ತಲೆ ತಿರುಗುವಂತಿತ್ತು. ನನ್ನ ಅಂಗಾಲು ನೆಲದಲ್ಲಿ ಬೆವರಿನ ಗುರುತು ಬಿಡುತ್ತಿತ್ತು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಟೈಪಿಂಗ್ ಸ್ಪೀಡ್ ಟೆಸ್ಟಿಗೆ ಇಡುತ್ತಿದ್ದ ಟೈಮ್‌ಪೀಸನ್ನು ಅಕ್ಕ ಕೈಗೆ ತೆಗೆದುಕೊಂಡಳು. ಮಾಷ್ಟ್ರು ಎರಡೂ ಯಂತ್ರಕ್ಕೆ ಒಂದೇ ಲೆಕ್ಕ ಕೊಟ್ಟರು, ದೊಡ್ಡದೊಂದು ಸಂಖ್ಯೆಯವರೆಗೆ ಸುಮ್ಮನೆ ಎಣಿಸುತ್ತ ಹೋಗುವುದು. ಹಳೆಯದು ಒಂದು ನಿಮಿಷ ತೆಗೆದುಕೊಂಡಿತು. ಹೊಸದು ಇಪ್ಪತ್ತೆರಡೇ ಸೆಕೆಂಡಿನಲ್ಲಿ ಮುಗಿಸಿತು.

"ನೋಡಿದ್ಯಾ? ಅರ್ಧ ಸಹ ಅಲ್ಲ!" ಮಾಷ್ಟ್ರು ಚಪ್ಪಾಳೆ ತಟ್ಟಿದರು. "ಹೋಗು ಮಗೂ, ಕೆಳಗೆ ದೋಸೆ ಲೆಕ್ಕ ಮಾಡು."

ಟೈಪಿಂಗಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಹುಡುಗರು ಹೋ ಎಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು, ಕಣ್ಣು ತುಂಬಿತು. ಅಪ್ಪನೂ ಮೇಲೆ ಬಂದು ನಿಂತಿದ್ದರು. ಅವರು "ಸಾಕು, ಬಾ" ಎಂದು ಕೈ ಚಾಚಿದರು. ಆ ಕೈ ಹಿಡಿದು ಇಳಿದು ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಿಡಿಯಲಿಲ್ಲ.

"ಸರ್, ಇದು ಅಡುಗೆಮನೆ ಒಳಗಿನ ಕೆಲಸ" ಎಂದೆ. "ಒಳಗೇ ಎಣಿಸಿದ್ರೆ ಬೇಗ ಆಗ್ಲೇಬೇಕು. ಹೊರಗೆ ಬಡಿಸುವ ಕೆಲಸ ಕೊಡಿ. ನಿಮ್ಮ ಸ್ಟೂಡೆಂಟ್ಸ್ ಪಟ್ಟಿ ಫ್ಲಾಪಿಯಲ್ಲಿ ಉಂಟಲ್ಲ, ಅದನ್ನು ಓದಿ ಒಂದೊಂದೇ ಹೆಸರು ಪರದೆಗೆ ತರ್ಲಿ."

"ಕೊಡಿ ಮಾಷ್ಟ್ರೆ, ಹುಡುಗಿ ಕೇಳ್ತಾಳಲ್ಲ" ಎಂದರು ಬ್ಯಾಂಕಿನ ಆಫೀಸರ್.

ಹಳೆಯ ಯಂತ್ರಕ್ಕೆ ಫ್ಲಾಪಿಯನ್ನು ಕರಕರ ಉಜ್ಜುತ್ತ ವರ್ಷಗಟ್ಟಲೆಯ ಹೆಸರುಗಳನ್ನೆಲ್ಲ ತಂದು ಮುಗಿಸಲು ನೂರು ಸೆಕೆಂಡು ಬೇಕಾಯಿತು. ಅದೇ ಫ್ಲಾಪಿಯನ್ನು ಹೊಸದಕ್ಕೆ ಹಾಕಿದರು. ಇಪ್ಪತ್ತು, ಮೂವತ್ತು, ನಲವತ್ತು ಎಂದು ಅಕ್ಕ ಗಟ್ಟಿಯಾಗಿ ಹೇಳುತ್ತ ಹೋದಳು. ಐವತ್ತು ಎಂದಾಗ ಮಾಷ್ಟ್ರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಗ್ಗಿದರು. ಅರುವತ್ತು ಎಂದಾಗ ಹುಡುಗರ ನಗು ನಿಂತಿತು. ಹೆಸರುಗಳು ತಮ್ಮ ಪಾಡಿಗೆ ತೆವಳುತ್ತಲೇ ಇದ್ದವು. ತೊಂಬತ್ತೊಂದಕ್ಕೆ ಮುಗಿಯಿತು.

ಮಾಷ್ಟ್ರು ಹೊಸ ಯಂತ್ರದ ಜೊತೆ ಬಂದ ದಪ್ಪ ಪುಸ್ತಕ ತೆಗೆದು, ಬೆರಳಿಟ್ಟು ಹುಡುಕಿ, ತಮ್ಮಷ್ಟಕ್ಕೇ ಓದಿಕೊಂಡರು. ಬಸ್ಸಿನ ವೇಗ ಎಂಟು ಮಾತ್ರ. ಫ್ಲಾಪಿಯಂತೂ ಹಳೆಯದರ ವೇಗದ್ದೇ. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ, ತಪ್ಪಾದದ್ದನ್ನು ನುಂಗಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಮುಖ ಎತ್ತಿ, "ನೀನು ಹೇಳಿದ್ದು ಸರಿ" ಎಂದರು. ನಂತರ, "ಆದ್ರೆ ಎಂತ ಮಾಡುದು, ಕುರ್ಚಿ ಇರುದೇ ಹತ್ತು" ಎಂದು ಬಾಲ ಸೇರಿಸಿದರು.

ನಾನು ಬರಿಗಾಲಲ್ಲೇ ದಡದಡ ಇಳಿದೆ. ಮೂಲೆ ಟೇಬಲ್ಲಿನ ಹತ್ತಿರ ಮಾಷ್ಟ್ರು ದಿನಾ ಕೂರುತ್ತಿದ್ದ ಮರದ ಕುರ್ಚಿಯನ್ನೇ ತಲೆಯ ಮೇಲೆ ಹೊತ್ತು, ಮೆಟ್ಟಿಲಿಗೂ ಗೋಡೆಗೂ ತಾಗಿಸುತ್ತ ಮೇಲೆ ತಂದೆ. ಅರ್ಧ ದಾರಿಯಲ್ಲಿ ಭಾರ ಇಳಿದಂತಾಯಿತು. ನೋಡಿದರೆ ನನ್ನ ಹಿಂದೆಯೇ ಇಳಿದು ಬಂದಿದ್ದ ಅಪ್ಪ ಹಿಂದಿನ ಎರಡು ಕಾಲನ್ನು ಎತ್ತಿ ಹಿಡಿದಿದ್ದರು. ಇಬ್ಬರೂ ಸೇರಿ ಅದನ್ನು ಹೊಸ ಯಂತ್ರದ ಎದುರಿಗೇ ಇಟ್ಟೆವು.

"ಹನ್ನೊಂದು" ಎಂದಳು ಅಕ್ಕ, ಟೈಮ್‌ಪೀಸ್ ಹಿಡಿದುಕೊಂಡೇ.

ಮರುವಾರ ಅಪ್ಪ ಅಡುಗೆಮನೆಯ ಗೋಡೆ ಒಡೆಸಿ ಎರಡನೇ ಬಾಗಿಲು ಇಡಿಸಿದರು, ಇನ್ನೊಬ್ಬ ಸಪ್ಲೈಯರನ್ನು ಇಟ್ಟುಕೊಂಡರು. ಮೂರನೇ ಕಾವಲಿಯ ಸುದ್ದಿ ಮತ್ತೆ ಎತ್ತಲಿಲ್ಲ.

ಮೂವತ್ತಕ್ಕೆ ಚಿಪ್ ಕರಗುತ್ತದೆ ಎಂದಿದ್ದರಲ್ಲ ಆಫೀಸರ್, ಈಗ ನಿಮ್ಮ ಅಂಗೈಯ ಫೋನಿನಲ್ಲಿ ಅದರ ನೂರು ಪಟ್ಟು ಓಡುತ್ತಿದೆ, ಏನೂ ಕರಗಿಲ್ಲ. ಆದರೂ ಪರದೆಯಲ್ಲಿ ಒಂದು ಚಕ್ರ ಎರಡು ಸೆಕೆಂಡು ತಿರುಗಿದರೆ "ಅಜ್ಜೀ, ಇದು ಸ್ಲೋ" ಎಂದು ಕಾಲು ಬಡಿಯುತ್ತೀರಿ. ನಾವು ಒಂದು ಪಟ್ಟಿ ಬರಲಿಕ್ಕೆ ನೂರು ಸೆಕೆಂಡು ಉಸಿರು ಹಿಡಿದು ನಿಂತವರು. ನಿಮ್ಮ ಕ್ಲಾಸಿನಲ್ಲಿ ಹುಡುಗಿಯರ ಹೆಸರನ್ನು ಪಟ್ಟಿಯಿಂದ ಯಾರೂ ಬಿಡುವುದಿಲ್ಲ, ಸಂತೋಷ. ಆದರೆ ಬೇರೆ ಯಾವುದೋ ಪಟ್ಟಿ, ಬೇರೆ ಯಾವುದೋ ಕಾರಣ, ನಿಮಗೂ ಒಂದು ದಿನ ಎದುರಾಗುತ್ತದೆ. ಜಾಗ ಇಲ್ಲ ಎನ್ನುತ್ತಾರೆ.

ಆಗ ಅಳುತ್ತ ಮನೆಗೆ ಬಂದರೂ ಪರವಾಗಿಲ್ಲ. ನೀವು ಹೋಮ್‌ವರ್ಕ್ ಮಾಡುವಾಗ ಕೂರುವ ಆ ಹಳೇ ಮರದ ಕುರ್ಚಿ ಉಂಟಲ್ಲ, ಒಂದು ಕಾಲಿನ ತುದಿಗೆ ಮೆಟ್ಟಿಲಿನ ಪೆಟ್ಟು ಬಿದ್ದಿರುವುದು? ಅದನ್ನು ಎತ್ತಿಕೊಂಡು ಹೋಗಿ. ಭಾರ ಉಂಟು, ಆದರೆ ಹಿಂದಿನ ಎರಡು ಕಾಲನ್ನು ನಾನು ಹಿಡಿಯುತ್ತೇನೆ.