ಒಣಮೀನಿಗೆ ಅವಸರವಿಲ್ಲ

ನಾನು ಮುಂಬಯಿ ನೋಡಿ ಬಂದಿದ್ದೇನೆ ಎಂದು ನಮ್ಮವರೆಲ್ಲ ಹೇಳುತ್ತಾರೆ. ಮದುವೆ ಮನೆಯಲ್ಲಿ, ಅಲೆವೂರಿನ ಬಸ್ಸಿನಲ್ಲಿ, ಕಾಪುವಿನ ಅತ್ತೆಯ ಅಂಗಳದಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಹಿಂದೆ ಕಪ್ಪು ಕಲ್ಲಿನ ಎತ್ತರದ ಕಟ್ಟಡ, ಮುಂದೆ ಅರ್ಧ ಒದ್ದೆಯಾದ ನಾನು. ಮೊದಲ ಸಲ ಹೋದವಳು ಸೀದಾ ಹೈಕೋರ್ಟೇ ನೋಡಿ ಬಂದಳು, ನೋಡಬೇಕು ಅಂತ ಹೋದದ್ದನ್ನು ನೋಡಿಯೇ ಬಂದಳು, ಅಲ್ವಾ?

ಅಲ್ಲ. ಫೋಟೋ ನಿಜ, ಅದರಿಂದ ಇವರು ತೆಗೆದ ತೀರ್ಮಾನ ಸುಳ್ಳು. ಕಾಪುವಿನ ಕಡಲದಂಡೆಯ ದೀಪಸ್ತಂಭದ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೆಲ್ಲ ದೀಪ ಹಚ್ಚುವುದು ಕಲಿತವರಾ? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ನಗುತ್ತಾರೆ, ಫೋನ್ ಒಳಗಿಡುತ್ತಾರೆ. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಮಣಿಪಾಲದ ಬಸ್ಸು ಹತ್ತಿ ಕಚೇರಿಗೆ ಹೋಗುತ್ತೇನೆ. ಈ ಕಚೇರಿಗೂ ಆ ಫೋಟೋಕ್ಕೂ ಸಂಬಂಧ ಉಂಟು. ಆದ್ದರಿಂದ ನಡೆದದ್ದನ್ನು ಒಮ್ಮೆ ಸರಿಯಾದ ಕ್ರಮದಲ್ಲಿ ಬರೆದಿಡುತ್ತೇನೆ.

ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಚರ್ಚಾಕೂಟ ಒಂದೇ. ಕೊಟ್ಟ ವಿಷಯದ ಪರ ಹತ್ತು ನಿಮಿಷ ಮಾತಾಡಿ, ಚೀಟಿ ಬದಲಾದರೆ ಅದೇ ವಿಷಯದ ವಿರೋಧ ಹತ್ತು ನಿಮಿಷ ಮಾತಾಡುವುದು ನನಗೆ ಊಟಕ್ಕಿಂತ ಹೆಚ್ಚು. ಕೊನೆಯ ವರ್ಷ ಮುಗಿಯುವಾಗ ಮಣಿಪಾಲದಲ್ಲಿ ಕೆಲಸ ಸಿಕ್ಕಿತು, ಮನೆಯಿಂದ ಒಂದೇ ಬಸ್ಸು. ಅದೇ ವಾರ ನಾನು ಕಾನೂನು ಓದುತ್ತೇನೆ ಎಂದೆ.

ಅಪ್ಪನಿಗೆ ಉಡುಪಿಯಲ್ಲಿ ಕೋರ್ಟಿನ ಹತ್ತಿರ ಝೆರಾಕ್ಸ್ ಅಂಗಡಿ. ಜಾಗದ ತಕರಾರಿನ ಕಾಗದಗಳನ್ನು ನಾನು ಹುಟ್ಟುವ ಮೊದಲಿನಿಂದ ಪ್ರತಿ ಮಾಡುತ್ತಿರುವವರು. ಕಪ್ಪು ಕೂದಲಿನಲ್ಲಿ ಬಂದು ಮಾಡಿಸಿಕೊಂಡ ಅದೇ ಪಹಣಿಯನ್ನು ಜನ ಬಿಳಿ ಕೂದಲಿನಲ್ಲಿ ಬಂದು ಮತ್ತೆ ಮಾಡಿಸುತ್ತಾರಂತೆ. ಅಲ್ಲಿ ವಾದ ಎಲ್ಲಿ ಉಂಟು, ಮುಂದಿನ ದಿನಾಂಕ ಮಾತ್ರ ಉಂಟು ಎಂಬುದು ಅವರ ವಾದ. ನಾನು ಎರಡು ಮಧ್ಯಾಹ್ನ ಉಡುಪಿಯ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೆ. ಅವರ ಮಾತಿನಲ್ಲಿ ಸತ್ಯ ಇಲ್ಲವೆಂದು ಹೇಳುವ ಹಾಗಿರಲಿಲ್ಲ. ಆದರೆ ದೊಡ್ಡ ಕೋರ್ಟುಗಳಲ್ಲಿ ಹಾಗಲ್ಲ, ಅಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ ಎಂದೆ.

"ನೀನು ಕಂಡಿದ್ದೀಯಾ?" ಎಂದರು ಅಪ್ಪ.

ಕಂಡಿರಲಿಲ್ಲ. ಕಾಣದ್ದನ್ನು ಕಂಡಿದ್ದೇನೆ ಎನ್ನುವ ಅಭ್ಯಾಸ ನನಗಿಲ್ಲ. ಹಾಗಾಗಿ ಒಂದು ಒಪ್ಪಂದ ಆಯಿತು. ಮುಂಬಯಿಗೆ ಹೋಗಿ ಒಂದು ದಿನ ಹೈಕೋರ್ಟಿನಲ್ಲಿ ಕುಳಿತು ಬರುವುದು. ಬಂದ ಮೇಲೆಯೂ ಕಾನೂನೇ ಬೇಕು ಎಂದರೆ ಅಪ್ಪ ಅಡ್ಡ ಬರುವುದಿಲ್ಲ. ನೋಡದೆ ಬಂದರೆ ಮಣಿಪಾಲ. ಮುಂಬಯಿಯೇ ಏಕೆಂದರೆ, ಚರ್ಚಾಕೂಟದಲ್ಲಿ ನನಗಿಂತ ಹಿರಿಯಳಾಗಿದ್ದವಳು ಆಮೇಲೆ ಕಾನೂನು ಓದಿ ಅಲ್ಲಿ ಕಿರಿಯ ವಕೀಲೆ ಆಗಿದ್ದಳು. ಶುಕ್ರವಾರ ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಬಾ, ಪಾಸ್ ಮಾಡಿಸಿ ಒಳಗೆ ಕೂರಿಸುತ್ತೇನೆ, ಒಳ್ಳೆಯ ವಾದ ಉಂಟು ಎಂದಳು. ಗುರುವಾರ ಮಧ್ಯಾಹ್ನ ಉಡುಪಿಯಲ್ಲಿ ರೈಲು ಹತ್ತಿದರೆ ಶುಕ್ರವಾರ ಬೆಳಿಗ್ಗೆ ಮುಂಬಯಿ. ಶನಿವಾರ, ಭಾನುವಾರ ಕೋರ್ಟಿಗೆ ರಜೆ. ಭಾನುವಾರ ಮಧ್ಯಾಹ್ನ ವಾಪಸು ರೈಲು. ಸೋಮವಾರ ಮಣಿಪಾಲದಲ್ಲಿ ಕೆಲಸಕ್ಕೆ ಸೇರುವ ದಿನ, ಕಾನೂನು ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ದಿನವೂ ಅದೇ. ಅಂದರೆ ನನಗೆ ಇದ್ದದ್ದು ಒಂದು ಶುಕ್ರವಾರ.

ಮೊದಲ ಸಲ ಮುಂಬಯಿಗೆ ಹೋಗುವವರು ಏನೇನು ಮಾಡಬೇಕು ಎಂದು ಹೇಳಲು ನಮ್ಮಲ್ಲಿ ಜನಕ್ಕೆ ಬರವಿಲ್ಲ. ಲೋಕಲ್ ರೈಲಿನಲ್ಲಿ ಬಾಗಿಲ ಬಳಿ ನಿಲ್ಲಬೇಡ, ಒಳಗೂ ಹೋಗಬೇಡ. ವಡಾಪಾವ್ ತಿನ್ನು, ಮಳೆಗಾಲದಲ್ಲಿ ತಿನ್ನಬೇಡ. ಸಮುದ್ರ ನೋಡದೆ ಬರಬೇಡ ಎಂದರು ಕಾಪುವಿನ ಅತ್ತೆ, ತಮ್ಮ ಜಗಲಿಯಲ್ಲಿ ಅಲೆಗಳ ಸದ್ದಿಗೆ ದನಿ ಏರಿಸಿ. ಆದರೆ ಈ ಉಪದೇಶಗಳೆಲ್ಲ ಪೀಠಿಕೆ. ನಮ್ಮವರ ಲೆಕ್ಕದಲ್ಲಿ ಮುಂಬಯಿಯ ಪ್ರೇಕ್ಷಣೀಯ ಸ್ಥಳಗಳೆಂದರೆ ನೆಂಟರ ಮನೆಗಳು. ಒಬ್ಬರು ಹೊರಟರೆ ಮೂರು ಊರಿನ ಸಾಮಾನು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳು ಅವರ ಜೊತೆ ಹೊರಡುತ್ತವೆ.

ಬುಧವಾರ ಸಂಜೆಯೊಳಗೆ ಬಂದದ್ದು, ಬರಲಿರುವುದು ಸೇರಿ ನಾಲ್ಕು ತೊಟ್ಟೆಗಳ ಲೆಕ್ಕ ಆಯಿತು. ಪಕ್ಕದ ಮನೆಯವರ ಮಗಳು ಮುಂಬಯಿಯಲ್ಲಿ ಬಸುರಿ, ಶುಕ್ರವಾರ ಅವಳ ಸೀಮಂತ. ಅವಳಿಗೆ ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಚೆಂಡು ಮಲ್ಲಿಗೆ, ಅದು ಗುರುವಾರ ಬರುತ್ತದೆ, ಜಾಗ ಇಟ್ಟುಕೋ ಎಂದರು. ಅಮ್ಮ ತನ್ನ ತಂಗಿಗೆ, ಎಂದರೆ ನಾನು ಉಳಿಯಬೇಕಾಗಿದ್ದ ಚೆಂಬೂರಿನ ಚಿಕ್ಕಮ್ಮನಿಗೆ, ಪತ್ರೊಡೆ ಬೇಯಿಸುತ್ತಿದ್ದಳು. ಕಾರ್ಕಳದ ಅಜ್ಜಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಲಸಿನ ಹಪ್ಪಳ ಕಳಿಸಿದ್ದರು, ಅದೂ ಚಿಕ್ಕಮ್ಮನಿಗೇ. ಕಾಪುವಿನ ಅತ್ತೆ ಕೊಟ್ಟದ್ದು ಒಣಮೀನು, ತಮ್ಮ ಅಣ್ಣನಿಗೆ. ಈ ಅಣ್ಣ ಅಪ್ಪನಿಗೂ ಅಣ್ಣ, ನನಗೆ ದೊಡ್ಡಪ್ಪ. ಡೊಂಬಿವಿಲಿಯಲ್ಲಿ ಮನೆ. ನಮ್ಮ ಅಜ್ಜ ಬೇಗ ತೀರಿಕೊಂಡಾಗ ಮುಂಬಯಿಯ ಹೋಟೆಲಿನಲ್ಲಿ ದುಡಿದು ಅಪ್ಪನನ್ನು ಓದಿಸಿದವರು ಅವರು. ಅವರ ಹೆಸರು ಬಂದರೆ ಅಪ್ಪ ಇವತ್ತಿಗೂ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಈಗ ನನ್ನ ತಪ್ಪು. ನಾಲ್ಕೂ ತೊಟ್ಟೆಗಳನ್ನು ಮನಸ್ಸಿನಲ್ಲೇ ಸಾಲಾಗಿ ಇಟ್ಟು, ಯಾವುದು ಮೊದಲು ಹಾಳಾಗುತ್ತದೋ ಅದು ಮೊದಲು ಎಂಬ ಒಂದೇ ತತ್ವದ ಮೇಲೆ ಪಟ್ಟಿ ಬರೆದೆ. ಮಲ್ಲಿಗೆ, ಶುಕ್ರವಾರ ಬೆಳಿಗ್ಗೆ. ಪತ್ರೊಡೆ, ಶುಕ್ರವಾರ ಬೆಳಿಗ್ಗೆ. ಹಪ್ಪಳ, ಶನಿವಾರ. ಒಣಮೀನು, ಭಾನುವಾರ, ಸಮಯವಿದ್ದರೆ. ಪ್ರತಿಯೊಂದರ ಮುಂದೆ ಯಾರ ಮನೆ ಎಂದೂ ಬರೆದೆ. ಫೋಟೋ ತೆಗೆದು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ತಮಾಷೆ ಎಂದುಕೊಂಡಿದ್ದೆ, ಸ್ವಲ್ಪ ಜಂಬವೂ ಇತ್ತು. ಕೆಲವರು ನಕ್ಕರು. ಕಾಪುವಿನ ಅತ್ತೆ ಮಾತ್ರ ಧ್ವನಿ ಸಂದೇಶ ಕಳಿಸಿದರು: "ನೀನು ಮನುಷ್ಯರನ್ನೂ ಹೀಗೆಯೇ ಸಾಲು ನಿಲ್ಲಿಸುತ್ತೀಯಾ ಮಾರಾಯ್ತಿ?" ನಾನು ವಾದ ಬರೆದೆ. ಇದು ವಸ್ತುಗಳ ಕ್ರಮ, ಮನೆಗಳದ್ದಲ್ಲ, ಒಣಮೀನಿಗೆ ಅವಸರವಿಲ್ಲ ಎಂಬುದು ಮೀನಿನ ಗುಣ, ನನ್ನ ಅಭಿಪ್ರಾಯವಲ್ಲ. ಅಪ್ಪ ಏನೂ ಬರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಟ್ಟಿ ಗಡಿಯಾರದ ಹಾಗೆ ನಡೆಯಿತು. ಚಿಕ್ಕಮ್ಮ ಸ್ಟೇಷನ್ನಿಗೆ ಬಂದಿದ್ದರು. ಸೀಮಂತದ ಮನೆ ಅವರ ಪಕ್ಕದ ಕಟ್ಟಡದಲ್ಲೇ. ಮಲ್ಲಿಗೆ ಬಿಚ್ಚಿದಾಗ ಇಡೀ ಕೋಣೆ ಪರಿಮಳ, ಆ ಹುಡುಗಿ ಹೂವನ್ನು ಮುಖಕ್ಕೆ ಒತ್ತಿಕೊಂಡಳು. ಊಟ ಮಾಡಿಯೇ ಹೋಗಬೇಕೆಂದು ಹಿಡಿದರು, ಚಹಾಕ್ಕೆ ಇಳಿಸಿದೆ. ಎಂಟೂವರೆಗೆ ಪತ್ರೊಡೆ ಚಿಕ್ಕಮ್ಮನ ಫ್ರಿಜ್ಜಿನಲ್ಲಿತ್ತು. ಕೋರ್ಟಿಗೆ ಇನ್ನೂ ಎರಡೂವರೆ ಗಂಟೆ. ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಅಮ್ಮನ ಫೋನ್ ಬಂತು.

ದೊಡ್ಡಪ್ಪನಿಗೆ ಪಟ್ಟಿ ನೋಡಿ ತುಂಬ ಬೇಸರ ಆಗಿದೆಯಂತೆ. ಹಿರಿಯರನ್ನು ಕೊನೆಗೆ ಇಟ್ಟಿದ್ದಲ್ಲದೆ ಸಮಯವಿದ್ದರೆ ಎಂದು ಬೇರೆ ಬರೆದದ್ದು. ಮೊದಲು ಅಲ್ಲಿಗೆ ಹೋಗಿ ತಪ್ಪಾಯಿತು ಎನ್ನಬೇಕು, ಆಮೇಲೆ ಕೋರ್ಟೋ ಮತ್ತೊಂದೋ. ನಾನು ಐದು ನಿಮಿಷ ವಾದಿಸಿದೆ. ಶನಿವಾರ ಇಡೀ ದಿನ ಅವರಿಗೇ ಕೊಡುತ್ತೇನೆ ಎಂದೆ. ಬೇಸರ ಒಂದು ದಿನ ಕಾಯಬಹುದು, ಕೋರ್ಟು ಸೋಮವಾರದವರೆಗೆ ಬಾಗಿಲು ಹಾಕುತ್ತದೆ ಎಂದೆ. "ಇವತ್ತು ಹೋಗದಿದ್ದರೆ ಅಪ್ಪನಿಗೆ ಅಣ್ಣನ ಎದುರು ಮುಖ ಇಲ್ಲ" ಎಂದು ಅಮ್ಮ ಫೋನ್ ಇಟ್ಟುಬಿಟ್ಟಳು. ಎದುರಾಳಿ ವಾದ ಬಿಟ್ಟು ಅಪ್ಪನ ಮುಖವನ್ನು ತಂದು ಮೇಜಿನ ಮೇಲೆ ಇಟ್ಟರೆ ಏನು ಮಾಡಬೇಕು ಎಂದು ಚರ್ಚಾಕೂಟದಲ್ಲಿ ಯಾರೂ ಕಲಿಸಿರಲಿಲ್ಲ.

ಇಷ್ಟೆಲ್ಲ ವಾದಿಸಿದವಳು ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಲಿಲ್ಲ. 'ಆಗಿದೆಯಂತೆ' ಎಂದರೆ, ಹೇಳಿದ್ದು ಯಾರು?

ಒಬ್ಬಳೇ ಲೋಕಲ್ ಹತ್ತಬಾರದೆಂದು ಚಿಕ್ಕಮ್ಮ ಜೊತೆಗೆ ಬಂದರು. ಹಳಿಗಳ ಮೇಲೆ ನೀರು, ರೈಲು ನಿಂತು ನಿಂತು ಹೋಯಿತು. ಕಂಕುಳಲ್ಲಿ ಒಣಮೀನಿನ ತೊಟ್ಟೆ. ಮಹಿಳೆಯರ ಡಬ್ಬಿಯಲ್ಲಿ ಅಷ್ಟು ಜನಸಂದಣಿಯಲ್ಲೂ ನನ್ನ ಸುತ್ತ ಒಂದು ಅಡಿ ಜಾಗ ತಾನಾಗಿಯೇ ಬಿಟ್ಟುಕೊಂಡಿತು. ಡೊಂಬಿವಿಲಿ ತಲುಪುವಾಗ ಹತ್ತೂ ಮುಕ್ಕಾಲು. ಗೇಟಿನ ಹತ್ತಿರ ಕಾಯುವವಳಿಗೆ ತಡವಾಗುತ್ತದೆ ಎಂದು ಸಂದೇಶ ಕಳಿಸಿದೆ.

ಬಾಗಿಲು ತೆಗೆದ ದೊಡ್ಡಪ್ಪ ಲುಂಗಿಯಲ್ಲಿದ್ದರು, ಕೈಯಲ್ಲಿ ತರಕಾರಿ ಕತ್ತಿ. "ಎಂತ, ಇವತ್ತೇ?" ಎಂದರು. ಆ ಮಾತನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ, ಏಕೆಂದರೆ ರೈಲಿನುದ್ದಕ್ಕೂ ಒಂದು ಕ್ಷಮೆಯ ಭಾಷಣ ತಯಾರು ಮಾಡಿಕೊಂಡಿದ್ದೆ. ಹೊಸ್ತಿಲಲ್ಲೇ ಅದನ್ನು ಒಪ್ಪಿಸಿದೆ. ಅವರು ಗಂಭೀರವಾಗಿ ಕೇಳಿ, "ಸರಿ, ತಪ್ಪು ಒಪ್ಪಿಕೊಂಡಿದ್ದೀಯ. ಶಿಕ್ಷೆ ಎಂತ ಅಂದರೆ ಊಟ ಮಾಡಿ ಹೋಗುವುದು" ಎಂದರು. ನಾನು ಕೋರ್ಟಿನ ವಿಷಯ ಹೇಳಿದೆ, ಗಂಟೆ ಹೇಳಿದೆ, ಒಪ್ಪಂದ ಮಾತ್ರ ಹೇಳಲಿಲ್ಲ. ಮನೆಯ ಮಾತನ್ನು ಮುನಿಸಿಕೊಂಡ ಹಿರಿಯರ ಮುಂದೆ ಇಡಲು ಮನಸ್ಸಾಗಲಿಲ್ಲ. ಕೋರ್ಟು ಎಲ್ಲಿಗೆ ಓಡಿ ಹೋಗುತ್ತದೆ, ಬ್ರಿಟಿಷರ ಕಾಲದಿಂದ ಅಲ್ಲೇ ಉಂಟಲ್ಲ, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಅವರು ಚೀಲ ಹಿಡಿದು ತಾಜಾ ಮೀನಿಗೆ ಮಾರ್ಕೆಟ್ಟಿಗೆ ಹೋದರು. ಎದ್ದು ಹೊರಡೋಣ ಎಂದೆ ಚಿಕ್ಕಮ್ಮನಿಗೆ. ಕ್ಷಮೆ ಕೇಳಲು ಬಂದು ಮತ್ತೊಂದು ತಪ್ಪು ಮಾಡಬೇಕಾ ಎಂದರು. ವಾದ ಸರಿಯಾಗಿತ್ತು. ಅದೇ ಕಷ್ಟ.

ಮೀನು ಬಂತು, ತೊಳೆದಾಯಿತು, ಮಸಾಲೆ ಅರೆದಾಯಿತು. ನಾನು ತಂದ ಒಣಮೀನನ್ನು ಸುಟ್ಟು ಚಟ್ನಿ ಮಾಡಿದರು. ಊಟ ಮುಗಿಯುವಾಗ ಎರಡು ದಾಟಿತ್ತು. ಒಳ್ಳೆಯ ಊಟ, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಮಾತ್ರ ತುತ್ತಿಗೊಮ್ಮೆ ಗಡಿಯಾರ ನೋಡುತ್ತಿದ್ದೆ.

ವಾಪಸು ಲೋಕಲ್ ಕೂಡ ನಿಂತು ನಿಂತೇ ಹೋಯಿತು. ಚಿಕ್ಕಮ್ಮ ಕುರ್ಲಾದಲ್ಲಿ ಇಳಿದು ಮನೆಗೆ ಹೋದರು. ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದು ನಾನು, ದೊಡ್ಡಪ್ಪ ಆ ಕಪ್ಪು ಕಟ್ಟಡದ ಮುಂದೆ ನಿಂತಾಗ ಐದಕ್ಕೆ ಹತ್ತು ನಿಮಿಷ. ಗೇಟಿನಿಂದ ಕರಿಕೋಟಿನವರು ಕೊಡೆ ಬಿಚ್ಚುತ್ತ ಹೊರಗೆ ಬರುತ್ತಿದ್ದರು. ಫೋನಿನಲ್ಲಿ ಚರ್ಚಾಕೂಟದ ಹಿರಿಯಳ ಸಂದೇಶ: ವಾದ ಈಗ ಮುಗಿಯಿತು, ಎಂಥ ವಾದ ಅಂತೀಯಾ, ನೀನು ಇರಬೇಕಿತ್ತು, ನಾನು ಬೇರೆ ಕೆಲಸಕ್ಕೆ ಓಡಬೇಕು.

"ಅದೋ, ನೋಡು. ನೋಡಿದೆಯಲ್ಲ?" ಎಂದರು ದೊಡ್ಡಪ್ಪ. ನನ್ನನ್ನು ನಿಲ್ಲಿಸಿ ಫೋಟೋ ತೆಗೆದು ಗುಂಪಿಗೆ ಕಳಿಸಿದರು. ಬಸ್ಸಿಗೆ ಕಾಯುವಾಗ, ನಾನು ಮುಖ ಊದಿಸಿಕೊಂಡದ್ದು ಕಂಡು, ನಗಿಸಲೆಂದೇ ಇರಬೇಕು, ಹೇಳಿದರು. "ನಿನ್ನ ಆ ಪಟ್ಟಿ ನೋಡಿ ನಾನು ಎಷ್ಟು ನಕ್ಕೆ ಗೊತ್ತುಂಟಾ? ಒಣಮೀನು ಕೊನೆಗೇ ಬರಬೇಕು. ಹೋಟೆಲಿನಲ್ಲಿ ಸಾಮಾನು ಇಡುವವನಿಗೆ ಮೊದಲು ಕಲಿಸುವುದೇ ಅದು."

"ನಿಮಗೆ ಬೇಸರ ಆಗಲಿಲ್ವಾ?"

"ಬೇಸರ ಎಂತಕ್ಕೆ? ನೀನು ಭಾನುವಾರ ಬರುತ್ತಿ ಅಂತ ನಾನು ಒಳ್ಳೆಯ ಅಂಜಲ್ ಮೀನು ಹೇಳಿಟ್ಟಿದ್ದೆ. ಇವತ್ತು ಬಂಗುಡೆಯಲ್ಲಿ ಮುಗಿಸಬೇಕಾಯ್ತು."

ಅಪ್ಪ ಫೋನ್ ಮಾಡಿದ್ದರಾ ಎಂದು ಕೇಳಿದೆ. ಈ ವಾರ ಇಲ್ಲ ಎಂದರು. ಬಸ್ಸು ಬಂತು.

ಶನಿವಾರ ಅಮ್ಮನಿಗೆ ಫೋನ್ ಮಾಡಿ, ದೊಡ್ಡಪ್ಪನಿಗೆ ಬೇಸರ ಎಂದು ನಿನಗೆ ಯಾರು ಹೇಳಿದ್ದು ಎಂದು ಕೇಳಿದೆ. ಅಪ್ಪ ಎಂದಳು, ಅದರಲ್ಲಿ ಕೇಳುವುದೇನಿದೆ ಎಂಬ ಹಾಗೆ. ಆಮೇಲಿನ ಒಂದೂವರೆ ದಿನ ಮತ್ತು ಇಡೀ ವಾಪಸು ರೈಲು ನಾನು ಎರಡೂ ಕಡೆ ವಾದ ಮಾಡಿದೆ. ಪರ: ಅಣ್ಣನನ್ನು ಕೊನೆಗೆ ಇಟ್ಟದ್ದು ಕಂಡು ಅಪ್ಪನಿಗೇ ನೋವಾಗಿರಬಹುದು. ತನ್ನ ನೋವು ಎಂದರೆ ನಾನು ಕೇಳುವುದಿಲ್ಲವೆಂದು ಅಣ್ಣನ ಹೆಸರು ಹೇಳಿರಬಹುದು. ವಿರೋಧ: ಅಪ್ಪನಿಗೆ ನನ್ನ ಶುಕ್ರವಾರದ ಬೆಲೆ ನನ್ನಷ್ಟೇ ಗೊತ್ತಿತ್ತು. ಎರಡೂ ನಿಲ್ಲುತ್ತವೆ. ತೀರ್ಪು ಕೊಡಬಲ್ಲ ಸಾಕ್ಷಿ ಒಬ್ಬರೇ.

ಸೋಮವಾರ ಬೆಳಿಗ್ಗೆ ಅಪ್ಪ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಂದಿದ್ದರು. ನನ್ನ ಚೀಲ ಕಾಲಿನ ಬಳಿ ಇಟ್ಟುಕೊಂಡು, ಫೋಟೋ ಚೆನ್ನಾಗಿ ಬಂದಿದೆ ಎಂದರು. ಮನೆಯಲ್ಲಿ ಮೇಜಿನ ಮೇಲೆ ಎರಡು ಕಾಗದ, ಮಣಿಪಾಲದ ಪತ್ರ ಮತ್ತು ಕಾನೂನು ಕಾಲೇಜಿನ ಅರ್ಜಿ. ಪತ್ರದ ಜೊತೆ ನನ್ನ ಅಂಕಪಟ್ಟಿಗಳ ಪ್ರತಿ ಎರಡು ಸೆಟ್, ಮೂಲೆಗೆ ಮೂಲೆ ಕೂಡಿಸಿ ಪಿನ್ ಹೊಡೆದದ್ದು. ಅರ್ಜಿಯ ಜೊತೆ ಏನೂ ಇರಲಿಲ್ಲ.

"ನೋಡಿ ಬಂದೆಯಲ್ಲ. ಈಗ ನೀನು ಹೇಳಿದ ಹಾಗೆ" ಎಂದರು ಅಪ್ಪ.

ನೋಡಿದ್ದೇನೆ ಎಂದರೆ ಗೆಲ್ಲುತ್ತಿದ್ದೆ. ಫೋಟೋ ನನ್ನ ಪರ ಇತ್ತು, ಪ್ರಶ್ನಿಸುವವರಿರಲಿಲ್ಲ. ಒಳಗೆ ಕಾಲಿಡಲಿಲ್ಲ ಎಂದು ಹೇಳಿದೆ. ಹಾಗಾದರೆ, ಎಂದು ಅವರು ಮಣಿಪಾಲದ ಪತ್ರವನ್ನು ನನ್ನ ಕಡೆಗೆ ಸರಿಸಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಸಹಿ ಹಾಕಿದೆ. ಪೆನ್ನು ವಾಪಸು ಕೊಡುವಾಗ ಕೇಳಿದೆ. ಈವತ್ತಿನವರೆಗೂ ಉತ್ತರ ಬಂದಿಲ್ಲ.

"ಅಪ್ಪ, ದೊಡ್ಡಪ್ಪನಿಗೆ ಬೇಸರ ಆಗಿದೆ ಅಂತ ನಿಮಗೆ ಯಾರು ಹೇಳಿದ್ದು?"