ಒಂದು ಎಲೆ-ಅಡಿಕೆಯ ಹೊತ್ತು

ಬೆಲ್ಲ ಸೀದಂಥ ವಾಸನೆ ಮೊದಲು ಬಂತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ. ಹಂಗಳದಲ್ಲಿ ಮದುವೆಯ ಊಟ ಮುಗಿಸಿಕೊಂಡು ಗುಂಡ್ಲುಪೇಟೆಗೆ ವಾಪಸು ಬರುತ್ತಿದ್ದೆವು, ನಾನು ಮತ್ತು ನನ್ನ ತಮ್ಮನ ಮೊಮ್ಮಗ, ಅವನ ಕಾರಿನಲ್ಲಿ. ಹುಡುಗ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ ಇಳಿದ. ಬಾನೆಟ್ ಎತ್ತಿದ. ಒಳಗೆ ಬಿಸಿ ಕಬ್ಬಿಣದ ಮೇಲೆ ನೀರು ಬಿದ್ದು ಚುಯ್ ಎನ್ನುತ್ತಿತ್ತು. "ಕೂಲೆಂಟ್ ಕಮ್ಮಿ ಆಗಿದೆ ಅಜ್ಜಿ, ಡಿಕ್ಕಿಯಲ್ಲಿ ಒಂದು ಕ್ಯಾನ್ ಇದೆ, ಹಾಕಿಬಿಟ್ಟರೆ ಎರಡು ನಿಮಿಷದ ಕೆಲಸ" ಎಂದವನು ಕರ್ಚೀಫನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳದ ಕಡೆ ಕೈ ಚಾಚಿದ.

ನಾನು ಕಿರುಚಿಕೊಂಡೆ. ತೊಂಬತ್ತಕ್ಕೆ ಹತ್ತಿರವಾದ ಮುದುಕಿಯ ಗಂಟಲಲ್ಲಿ ಅಷ್ಟು ಸದ್ದು ಇದೆ ಎಂದು ನನಗೇ ಗೊತ್ತಿರಲಿಲ್ಲ. ಹುಡುಗ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. "ಮುಟ್ಟಬೇಡ. ಹದಿನೈದು ನಿಮಿಷ ಆಗೋವರೆಗೆ ಅದನ್ನು ಮುಟ್ಟಿದರೆ ನೋಡು" ಎಂದೆ. ಅವನು ನಕ್ಕು, ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, "ಸರಿ ಬಿಡು, ನೀನೇ ಟೈಮ್ ನೋಡು" ಎಂದು ಹೇಳಿ ನೆರಳಿಗೆ ಹೋಗಿ ಕೂತ.

ಟೈಮ್ ನೋಡುವುದಕ್ಕೆ ನನ್ನಂಥವಳನ್ನೇ ನೇಮಿಸಿದನಲ್ಲ, ಪುಣ್ಯಾತ್ಮ...

ಐವತ್ತರ ದಶಕದ ಮಾತು. ನಾನು ಆಗ ತೆರಕಣಾಂಬಿಯ ಶಾಲೆಯಲ್ಲಿ ಹೊಸದಾಗಿ ಸೇರಿದ ಮೇಷ್ಟ್ರಮ್ಮ. ಮನೆ ಚಾಮರಾಜನಗರದಲ್ಲಿ. ಅಪ್ಪ ತೀರಿಕೊಂಡಿದ್ದರು, ತಮ್ಮ ಮೈಸೂರಿನಲ್ಲಿ ಓದುತ್ತಿದ್ದ, ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಬೆಳಿಗ್ಗೆ ಒಂದು ಬಸ್ಸಿನಲ್ಲಿ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಬರುತ್ತಿದ್ದೆ. ಆ ಬಸ್ಸನ್ನು ಓಡಿಸುತ್ತಿದ್ದವನನ್ನು ನಾವೆಲ್ಲ ಡ್ರೈವರಣ್ಣ ಎಂದೇ ಕರೆಯುತ್ತಿದ್ದೆವು. ನಲವತ್ತು ದಾಟಿದ ಆಳು, ಕಪ್ಪಗೆ, ತೆಳ್ಳಗೆ. ಖಾಕಿ ಅಂಗಿಯ ಎಡಜೇಬಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಸದಾ ಇರುತ್ತಿತ್ತು.

ಬಸ್ಸೋ, ದೇವರೇ ಗತಿ. ಯಾವುದೋ ಕಾಲದ ಇಂಜಿನ್ನು, ಸೋರುವ ರೇಡಿಯೇಟರು. ತೆರಕಣಾಂಬಿ ಬಿಟ್ಟು ಒಂದಷ್ಟು ದೂರ ಬಂದರೆ ಒಂದು ಏರು, ಏರಿನ ತಲೆಯಲ್ಲಿ ಒಂದು ಹುಣಸೆಮರ, ಪಕ್ಕದಲ್ಲಿ ಬಾವಿ. ಬೇಸಿಗೆ ಬಂತೆಂದರೆ ಆ ಏರು ಹತ್ತುವಷ್ಟರಲ್ಲಿ ಮೂತಿಯಿಂದ ಹೊಗೆ ಬರುತ್ತಿತ್ತು. ಡ್ರೈವರಣ್ಣ ಮರದ ಕೆಳಗೆ ಬಸ್ಸು ನಿಲ್ಲಿಸಿ, ಇಂಜಿನ್ ಆರಿಸಿ, ಇಳಿದು ಬಾನೆಟ್ಟಿನ ಎರಡು ರೆಕ್ಕೆಯನ್ನೂ ತೆರೆದಿಡುತ್ತಿದ್ದ. ಆಮೇಲೆ ಮರದ ಬೇರಿನ ಮೇಲೆ ಕೂತು ಎಲೆ ಬಿಚ್ಚುತ್ತಿದ್ದ. ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅದು ಪೂರ್ತಿ ಅರೆದು, ರಸ ಇಳಿದು, ಚರಟ ಉಗಿಯುವವರೆಗೆ ಮೈಸೂರು ಮಹಾರಾಜರೇ ಬಂದು ಹೇಳಿದರೂ ಅವನು ಏಳುವವನಲ್ಲ.

ಉಗಿದಾದ ಮೇಲೆ ಎದ್ದು ಮೂತಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಕೈ ತಡೆದುಕೊಂಡರೆ ಮಾತ್ರ ಮುಂದಿನ ಕೆಲಸ. ಗೋಣಿತಾಟನ್ನು ಬಾವಿಯ ನೀರಿನಲ್ಲಿ ಅದ್ದಿ ಮುಚ್ಚಳದ ಮೇಲೆ ಹಾಕಿ, ಮುಖವನ್ನು ಆ ಕಡೆ ತಿರುಗಿಸಿ, ಅರ್ಧ ಸುತ್ತು ಬಿಚ್ಚಿ ನಿಲ್ಲುತ್ತಿದ್ದ. ಒಳಗಿನ ಬುಸ್ ಎನ್ನುವುದು ನಿಂತ ಮೇಲೆ ಉಳಿದ ಅರ್ಧ ಸುತ್ತು. ನೀರನ್ನೂ ಒಮ್ಮೆಲೇ ಸುರಿಯುತ್ತಿರಲಿಲ್ಲ. ಕಂಡಕ್ಟರಿಗೆ ಇಂಜಿನ್ ಶುರು ಮಾಡಲು ಹೇಳಿ, ಸೀಮೆಎಣ್ಣೆ ಡಬ್ಬದಿಂದ ಸಣ್ಣ ಧಾರೆಯಾಗಿ ಬಿಡುತ್ತಿದ್ದ. ಕಾದ ಇಂಜಿನ್ನಿಗೆ ತಣ್ಣೀರು ದಬದಬ ಹೊಯ್ದರೆ ಒಡೆದುಹೋಗುತ್ತದಂತೆ.

ಅವಸರದವರು ಎಲ್ಲ ಬಸ್ಸಿನಲ್ಲೂ ಇರುತ್ತಾರೆ. ಅರಿಶಿನದ ವ್ಯಾಪಾರದ ಸಾಹುಕಾರರೊಬ್ಬರು ದಿನಾ ಗೊಣಗುವರು. "ಏನ್ಲಾ ಇದು, ಊರ ಕಟ್ಟೇಲಿ ಕೂತಂಗೆ ಕೂತಿದ್ದೀಯೆ? ರೈಲು ಓಯ್ತದೆ ಕಣ್ಲಾ."

ಡ್ರೈವರಣ್ಣ ಬಾಯಲ್ಲಿ ರಸ ತುಂಬಿಕೊಂಡೇ ಗದ್ದ ಎತ್ತಿ ಹೇಳುತ್ತಿದ್ದ. "ರೇಗಿರೋ ಎತ್ತ ಮುಟ್ಟೀರಾ ಬುದ್ದಿ? ಇದೂ ಅಂಗೇಯ. ತಣ್ಣಗಾಗ್ಲಿ ಬುಡಿ, ಓಗನ."

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. ಅಪ್ಪನ ಕೈಗಡಿಯಾರ ನನ್ನ ಹತ್ತಿರ ಇತ್ತು. ಗಂಡಸರ ಗಡಿಯಾರ, ನನ್ನ ಮಣಿಕಟ್ಟಿಗೆ ಸಡಿಲ, ಆದರೂ ಕಟ್ಟಿಕೊಂಡು ಮೆರೆಯುತ್ತಿದ್ದೆ. ಆ ಬಸ್ಸಿನಲ್ಲಿ ಗಡಿಯಾರ ಕಟ್ಟಿದ ಹೆಂಗಸು ನಾನೊಬ್ಬಳೇ. ಬಾಯಿ ಬೇರೆ ಜೋರು. ಒಂದು ದಿನ ಅವನ ಎಲೆ-ಅಡಿಕೆಯನ್ನು ಗಡಿಯಾರ ಹಿಡಿದು ಅಳೆದೆ. ಸರಿಯಾಗಿ ಹದಿನೈದು ನಿಮಿಷ. ಮಾರನೆಯ ದಿನ ಅಳೆದರೆ ಇಪ್ಪತ್ತೆರಡು. ಎಲ್ಲರ ಮುಂದೆ ಕೇಳಿದೆ: "ಏನ್ ಡ್ರೈವರಣ್ಣ, ನಿಮ್ಮ ಹಲ್ಲು ದಿನಕ್ಕೊಂದು ಟೈಮ್ ತೋರಿಸುತ್ತಲ್ಲ, ಕೀ ಕೊಡೋದು ಮರೆತಿರಾ?" ಬಸ್ಸಿಗೆ ಬಸ್ಸೇ ನಕ್ಕಿತು. ಸಾಹುಕಾರರಂತೂ ಕೆಮ್ಮು ಬರುವವರೆಗೆ ನಕ್ಕರು.

ಅವನಿಗೆ ನಾಚಿಕೆಯಾಯಿತು. ಓದಿದವರ ಮಾತಿಗೆ ತಲೆಬಾಗುವ ಸ್ವಭಾವ ಅವನದು. ಮಗಳನ್ನು ನನ್ನ ಶಾಲೆಗೇ ಕಳಿಸುತ್ತಿದ್ದ. ಅಂದಿನಿಂದ ಎಲೆಯ ಲೆಕ್ಕ ಬಿಟ್ಟ. ಬಸ್ಸು ನಿಲ್ಲಿಸಿದ ಕೂಡಲೇ, "ಮೇಷ್ಟ್ರಮ್ಮಾರೇ, ಟೇಮು ಈಗ ಇಡ್ಕೊಳಿ" ಎನ್ನುವನು. ಮೊದಲ ದಿನದ ಲೆಕ್ಕದಂತೆ ಹದಿನೈದು ನಿಮಿಷ ಆದಾಗ ನಾನು "ಆಯ್ತು" ಎನ್ನುವೆ, ಅವನು ಎದ್ದು ಹೋಗುವನು. ಅಂಗೈ ಇಟ್ಟು ನೋಡುವುದನ್ನು ಮಾತ್ರ ಬಿಡಲಿಲ್ಲ. "ಗಡಿಯಾರ ನಂಬಿದ ಮ್ಯಾಕೆ ಕೈ ಯಾಕಪ್ಪ?" ಎಂದು ಸಾಹುಕಾರರು ಕೆಣಕಿದರೆ, "ಮೇಷ್ಟ್ರಮ್ಮ ಸುಳ್ಳು ಏಳಾಕಿಲ್ಲ ಬುದ್ದಿ, ಇಂಜಿನ್ನು ಏಳ್ತದೆ" ಎನ್ನುತ್ತಿದ್ದ. ನನಗೆ ಎಷ್ಟು ಹೆಮ್ಮೆ ಆಗ!

ಶಿವರಾತ್ರಿ ಕಳೆದಿತ್ತು. ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ಪಕ್ಕದ ಮನೆಯವರು ಕಳಿಸಿದ ಆಳು ಶಾಲೆಯ ಬಾಗಿಲಿಗೆ ಬಂದ. ಅವ್ವ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳಂತೆ, ಒಂದು ಕಡೆ ಸ್ವಾಧೀನವಿಲ್ಲವಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ, ನನ್ನ ಹೆಸರನ್ನೇ ಕರೆಯುತ್ತಿದ್ದಾಳಂತೆ. ಓಡಿದೆ. ಗುಂಡ್ಲುಪೇಟೆ ಕಡೆಯಿಂದ ಮಧ್ಯಾಹ್ನದ ಬಸ್ಸು ಬಂತು. ಡ್ರೈವರಣ್ಣನೇ ಇದ್ದ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. "ಕೂತ್ಕೊಳಿ ಕಣವ್ವ, ಎಲ್ಲೂ ನಿಲ್ಸಾಕಿಲ್ಲ" ಎಂದು, ನಿಜವಾಗಿ ಎಲ್ಲೂ ನಿಲ್ಲಿಸದೆ, ಎಂದೂ ಇಲ್ಲದ ವೇಗದಲ್ಲಿ ಹೊಡೆದ. ಆ ವೇಗಕ್ಕೋ ಆ ಬಿಸಿಲಿಗೋ, ಏರಿನ ಅರ್ಧದಲ್ಲೇ ಹೊಗೆ ಕಾಣಿಸಿಕೊಂಡಿತು. ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ಮುಂದಿನ ದಾರಿ ಕಾಣದಷ್ಟು ಹಬೆ.

"ಈಗ ಇಡ್ಕೊಳಿ" ಎಂದ.

ಹಿಡಿದುಕೊಂಡೆ. ಕಣ್ಣು ಗಡಿಯಾರದ ಮೇಲೆ, ಜೀವ ಆಸ್ಪತ್ರೆಯಲ್ಲಿ. ಮೂರು ನಿಮಿಷ. ನಾಲ್ಕು. ಅವ್ವ ಕರೆಯುತ್ತಿದ್ದಾಳೆ. ಐದು. ನಾನು ಹೋಗುವಷ್ಟರಲ್ಲಿ ಬಾಯಿ ನಿಂತರೆ? ಅವನು ಬಾವಿಯಿಂದ ನೀರು ಸೇದಿ ತಂದಿಟ್ಟು, ಗೋಣಿತಾಟು ಅದ್ದಿ, ನನ್ನ ಕಡೆ ನೋಡುತ್ತ ನಿಂತಿದ್ದ. ಜೇಬಿನಲ್ಲಿ ಎಲೆಯ ಗಂಟು ಇತ್ತು. ತೆಗೆಯಲಿಲ್ಲ.

"ಎಷ್ಟಾಯ್ತು ಕಣವ್ವ?"

ಮುಳ್ಳು ಎಂಟನೆಯ ನಿಮಿಷದಲ್ಲಿತ್ತು. ಆ ಮುಳ್ಳು ನನಗೆ ಈಗಲೂ ಕಾಣುತ್ತದೆ.

"ಆಯ್ತು, ಹದಿನೈದು" ಎಂದೆ.

ಅವನು ಹೋಗಿ ಅಂಗೈ ಇಟ್ಟ, ತಟ್ಟನೆ ತೆಗೆದ. "ಇನ್ನೂ ಸುಡ್ತಾದಲ್ಲ" ಎಂದ.

"ಬಿಸಿಲಿಗೆ ಕಾದಿದೆ ಅಣ್ಣ, ಗಡಿಯಾರ ಸುಳ್ಳು ಹೇಳುತ್ತಾ? ನಮ್ಮವ್ವ ಸಾಯ್ತಾ ಇದ್ದಾಳೆ..."

ಅವನು ಗೋಣಿತಾಟು ಹಾಕಿ ಮುಖ ತಿರುಗಿಸಿ ಅರ್ಧ ಸುತ್ತು ಬಿಚ್ಚಿದ. ಅರ್ಧ ಸುತ್ತಿಗೇ ಎಲ್ಲವೂ ಮೇಲೆ ಬಂತು. ಮುಚ್ಚಳ, ಗೋಣಿತಾಟು, ಕುದಿಯುವ ಕೆಂಪು ನೀರು. ಸದ್ದಿಗೆ ಅವನು ಈ ಕಡೆ ತಿರುಗಿಬಿಟ್ಟ, ಅದೇ ಆದದ್ದು. ತುಕ್ಕಿನ ವಾಸನೆ, ಬೆಂದ ಚರ್ಮದ ವಾಸನೆ. ಮುಖ ಹಿಡಿದುಕೊಂಡು ನೆಲಕ್ಕೆ ಕುಸಿದ. ಕೂಗಿದ್ದು ಒಂದೇ ಮಾತು, "ನೀರು, ನೀರು." ಕಂಡಕ್ಟರು ಸೇದಿಟ್ಟ ನೀರನ್ನೆಲ್ಲ ಅವನ ಮೇಲೆ ಸುರಿದ.

ನಾನು ಎಲ್ಲಿ ನಿಂತಿದ್ದೆನೋ ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ತೆರಕಣಾಂಬಿ ಕಡೆಯಿಂದ ಅರಿಶಿನದ ಮೂಟೆ ಹೇರಿಕೊಂಡ ಲಾರಿಯೊಂದು ಬಂತು. ಅದರಲ್ಲಿ ಅವನನ್ನು ಮಲಗಿಸಿದರು, ನನ್ನನ್ನೂ ಹತ್ತಿಸಿದರು. ಲಾರಿ ಹೊರಟಾಗ ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡೆ. ಬಸ್ಸು ನಿಂತು ಹದಿನಾಲ್ಕು ನಿಮಿಷವಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೂ ಅದೇ ಲಾರಿ, ಅದೇ ಹೊತ್ತಿಗೆ ನನ್ನನ್ನು ಅವ್ವನ ಹತ್ತಿರ ಕರೆದೊಯ್ಯುತ್ತಿತ್ತು.

ಅವ್ವ ನನ್ನನ್ನು ನೋಡಿದಳು, ಮಾತೂ ಆಡಿದಳು. ಇನ್ನೂ ಮೂರು ದಿನ ಇದ್ದಳು. ಅವಸರ ಪಡುವಂಥದ್ದು ಏನೂ ಇರಲಿಲ್ಲ.

ಅವನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ತಿಂಗಳುಗಟ್ಟಲೆ ಅಲ್ಲಿದ್ದ. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತಂತೆ. ಅವನ ಮಗಳು ಶಾಲೆ ಬಿಟ್ಟಳು. ಯಾಕೆ ಬಿಟ್ಟೆ ಎಂದು ಕೇಳುವ ಮುಖ ನನಗಿರಲಿಲ್ಲ. ಗಡಿಯಾರವನ್ನು ಅವ್ವನ ಸೀರೆಗಳ ಕೆಳಗಿಟ್ಟೆ, ತಿರುಗಿ ಕಟ್ಟಲಿಲ್ಲ. ಏನಾಯಿತೆಂದು ಕೇಳಿದವರಿಗೆಲ್ಲ ಕಂಡಕ್ಟರು ಹೇಳುತ್ತಿದ್ದ: "ಅದಿನೈದು ನಿಮಿಷ ಆಗಿತ್ತು, ಮೇಷ್ಟ್ರಮ್ಮನೇ ನೋಡವ್ರೆ. ಅಣೇಬರ ಕಣ." ಹಣೆಬರಹ! ನಾನು ಅಲ್ಲೇ ಇರುತ್ತಿದ್ದೆ, ತುಟಿ ಬಿಚ್ಚುತ್ತಿರಲಿಲ್ಲ.

ಆಮೇಲೆ ಅವನ ಹೆಂಡತಿ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರಲು ಕೂತಳು. ಪಕ್ಕದಲ್ಲಿ ಅವನು. ಕೈಗೆ ಎಲೆ ಕೊಟ್ಟರೆ ಮುಟ್ಟಿ ನೋಡಿ ಹಣ್ಣಾದದ್ದು, ಹರಿದದ್ದು ಬೇರೆ ಮಾಡುತ್ತಿದ್ದ. ಬಸ್ಸು ಬಂದು ನಿಂತರೆ ಸದ್ದಿನಲ್ಲೇ ತಿಳಿಯುತ್ತಿತ್ತು ಅವನಿಗೆ. "ಲೇ, ಅದು ಕಾದದೆ ಕಣ್ಲಾ, ಮುಟ್ಬ್ಯಾಡ. ಕೂತ್ಕೊಂಡು ಒಂದೆಲೆ ಆಕ್ಕೋ" ಎಂದು ಕೂಗುವನು. ಹೊಸ ಡ್ರೈವರುಗಳು ನಗುತ್ತಿದ್ದರು. ಆದರೂ ಕೂತು ಎಲೆ ಹಾಕಿಕೊಳ್ಳುತ್ತಿದ್ದರು.

ನಾನು ಆ ಅಂಗಡಿಯನ್ನು ಬಳಸಿಕೊಂಡು ಹೋಗುತ್ತಿದ್ದೆ. ಎರಡು ವರ್ಷ ಹಾಗೆ ಕಳ್ಳಿಯ ಹಾಗೆ ಓಡಾಡಿದೆ. ಒಂದು ಸಂಜೆ ಯಾರೋ ಪರಿಚಯದವರು ಸಿಕ್ಕಿ, ಅಂಗಡಿಯ ಹತ್ತಿರವೇ ನಿಂತು ಮಾತಾಡಿದೆ. ಅವರು ಹೋದ ಮೇಲೆ ಬೆನ್ನ ಹಿಂದಿನಿಂದ ದನಿ ಬಂತು.

"ಮೇಷ್ಟ್ರಮ್ಮಾರಾ?"

ಹೋಗಿ ಎದುರಿಗೆ ನಿಂತೆ. ಸುಟ್ಟ ಆ ಮುಖವನ್ನು ಹತ್ತಿರದಿಂದ ಆವತ್ತೇ ನೋಡಿದ್ದು. ನನ್ನ ಕ್ಷೇಮ ಕೇಳಿದ, ಅವ್ವ ಹೋದದ್ದಕ್ಕೆ ಲೊಚಗುಟ್ಟಿದ. ನಂತರ ಕೈಯಲ್ಲಿದ್ದ ಎಲೆಯ ತೊಟ್ಟು ಮುರಿಯುತ್ತ ನಿಧಾನವಾಗಿ ಕೇಳಿದ.

"ಒಂದ್ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡಿ. ಆವತ್ತು ಅದಿನೈದು ಆಗಿತ್ತಾ ಕಣವ್ವ?"

ಹೆಂಡತಿ ಎಲೆ ಎಣಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಿತ್ತು. ಎರಡು ವರ್ಷದಿಂದ ಬಾಯಲ್ಲಿ ಕೊಳೆಯುತ್ತಿದ್ದ ಮಾತು, ಉಗಿದುಬಿಡಬೇಕಿತ್ತು. ಎಂಟು ಎನ್ನುವುದು ಎಷ್ಟು ಸಣ್ಣ ಮಾತು...

"ಆಗಿತ್ತು" ಎಂದೆ.

ಅವನು ತಲೆ ಆಡಿಸಿದ. "ಅಂಗಾರೆ ತಪ್ಪು ನಂದೇಯ. ಇಪ್ಪತ್ತು ವರ್ಸ ಗಾಡಿ ಓಡಿಸ್ದೋನು, ಕೈಗೆ ಸುಟ್ರೂ ಮುಚ್ಚಳ ತೆಗ್ದ್ಬುಟ್ನಲ್ಲ. ನೀವು ನೊಂದ್ಕೋಬ್ಯಾಡಿ." ಒಂದು ಕಟ್ಟು ಎಲೆ ತೆಗೆದು ನನ್ನ ಕಡೆ ಚಾಚಿದ. ಚಾಚಿದ ದಿಕ್ಕು ಸ್ವಲ್ಪ ತಪ್ಪಿತ್ತು. ನಾನೇ ಪಕ್ಕಕ್ಕೆ ಸರಿದು ತೆಗೆದುಕೊಂಡೆ.

ಮುಂದಿನ ವರ್ಷ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಕೇಳಿ ಹಾಕಿಸಿಕೊಂಡ ವರ್ಗ ಅದು, ಯಾಕೆ ಮುಚ್ಚಿಡಲಿ? ಬಹಳ ವರ್ಷಗಳ ಮೇಲೆ ಬಂದು ನೋಡಿದಾಗ ಎಲೆ ಅಂಗಡಿ ಇದ್ದ ಜಾಗದಲ್ಲಿ ಬಾಳೆಹಣ್ಣಿನ ಗಾಡಿ ನಿಂತಿತ್ತು. ಹಣ್ಣಿನವನು, "ಆ ಕುಡ್ಡ ಡ್ರೈವರಾ? ಓಗಿ ಆಗ್ಲೇ ನಾಕೈದು ವರ್ಸ ಆಯ್ತಲ್ಲ" ಎಂದ. ಕುರುಡ ಡ್ರೈವರನಿಗೆ ಊರು ಇಟ್ಟ ಹೆಸರು. ನೂರು ಮಕ್ಕಳಿಗೆ ನಿಜ ಹೇಳಿ ಎಂದು ಬೆತ್ತ ಹಿಡಿದು ಕಲಿಸಿದವಳು ನಾನು. ಸಾಯುವವರೆಗೂ ಅವನು ನನ್ನ ತಪ್ಪನ್ನು ತನ್ನದೆಂದೇ ತಿಳಿದಿದ್ದ. ಅದನ್ನು ತಿದ್ದಬಹುದಾಗಿದ್ದವಳು ನಾನೊಬ್ಬಳೇ, ತಿದ್ದಲಿಲ್ಲ.

ಹುಡುಗ ನೆರಳಿನಿಂದ ಎದ್ದು ಬಂದ. ಬಾನೆಟ್ಟಿನೊಳಗೆ ಬಗ್ಗಿ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಎರಡು ಗೆರೆ ತೋರಿಸಿ, ಹಸಿರು ದ್ರವ ಕೆಳಗಿನ ಗೆರೆಗಿಂತಲೂ ಇಳಿದಿದೆ ಎಂದ. ಕ್ಯಾನಿನ ಮುಚ್ಚಳ ಬಿಚ್ಚಿಟ್ಟ. ಹೊಗೆ ನಿಂತಿತ್ತು, ಸದ್ದೂ ಕಡಿಮೆಯಾಗಿತ್ತು. ಅವನಿಗೆ ಸಂಜೆಯೊಳಗೆ ಗುಂಡ್ಲುಪೇಟೆಯ ತನ್ನ ಔಷಧಿ ಅಂಗಡಿ ತೆರೆಯಬೇಕಿತ್ತು.

"ಎಷ್ಟಾಯ್ತು ಅಜ್ಜಿ? ಆಗಿರಬೇಕಲ್ಲ?"

ಫೋನು ನೋಡಿದೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.

"ಎಂಟು" ಎಂದೆ. "ಎಂಟೇ ಆಗಿರೋದು ಕಣೋ."

ಅವನು ಹೋಗಿ ಮತ್ತೆ ಕೂತುಕೊಂಡ.