ಯಶೋಧಾಳ ಬಲಗಾಲು

ನನ್ನ ನಾದಿನಿ ಯಶೋಧಾ ಹದಿನಾರನೇ ವಯಸ್ಸಿಗೇ ಹೊರ್ತಿಯ ನಮ್ಮ ನಿಂಬೆ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸಿದವಳು. ಇಕ್ಕಟ್ಟಾದ ಗೇಟಿನೊಳಗೆ ಟ್ರಾಲಿಯನ್ನು ಹಿಂದಕ್ಕೆ ತರುವುದರಲ್ಲಿ ನನ್ನ ಗಂಡ ಗುರುನಾಥ ಇಂದಿಗೂ ಅವಳ ಸಮ ಬರುವುದಿಲ್ಲ. ಅಂಥವಳು ಕಳೆದ ಜನವರಿಯಲ್ಲಿ ವಿಮಾನ ತರಬೇತಿ ಶಾಲೆಯಿಂದ ನಾಲ್ಕು ದಿನದ ರಜೆಗೆ ಬಂದಳು. ಚೀಲ ಬಾಗಿಲಲ್ಲೇ ಇಟ್ಟು, ಕಾಲು ತೊಳೆಯುವುದನ್ನೂ ಮರೆತು, ಅಡುಗೆಮನೆಯಲ್ಲಿ ನನ್ನ ಪಕ್ಕ ಕುಳಿತುಬಿಟ್ಟಳು.

“ವೈನಿ, ನನ್ನ ಕೈಲೆ ಆಗಂಗಿಲ್ಲ ಅನಸಾಕತ್ತೈತ್ರಿ.”

ಜೊತೆಯವರೆಲ್ಲ ಕಲಿಸುವವರು ಪಕ್ಕದಲ್ಲಿಲ್ಲದೆ ಒಬ್ಬೊಬ್ಬರೇ ವಿಮಾನ ಹಾರಿಸಿ ಬಂದಿದ್ದರು. ಇವಳೊಬ್ಬಳು ಉಳಿದಿದ್ದಳು. ಕಲಿಸುವ ಮೆಹರಾಜ ಮೇಡಂ, ಸೋಮವಾರ ಇನ್ನೊಮ್ಮೆ ನೋಡುತ್ತೇನೆ, ಆಗದಿದ್ದರೆ ತರಬೇತಿ ನಿಲ್ಲಿಸಬೇಕಾಗುತ್ತದೆ ಎಂದು ಹೇಳಿ ಕಳಿಸಿದ್ದರು.

“ಏರೂದು ಬರ್ತೈತಿ, ತಿರುಗಸೂದು ಬರ್ತೈತಿ. ಇಳಿಯೂ ಮುಂದ ವಿಮಾನದ ಮೂತಿ ರನ್‌ವೇ ನಡುವಿನ ಬಿಳಿ ಗೆರಿ ಬಿಟ್ಟು ಬಾಜೂ ಹೊಳ್ಳತೈತಿ. ನಾ ಕೈ ತಿರುವ್ತೇನಿ. ರೆಕ್ಕಿ ಬಗ್ಗತಾವ, ಮೂತಿ ನೆಟ್ಟಗಾಗಂಗಿಲ್ಲ.”

“ಮತ್ತ ಯಾತರಿಂದ ನೆಟ್ಟಗ ಮಾಡೂದು?” ಎಂದರು ನನ್ನ ಅತ್ತೆ ಮರೆವ್ವ.

“ಕಾಲಿಲೆ, ಯವ್ವಾ. ಕೆಳಗ ಎರಡು ಪೆಡಲ್ ಅದಾವ. ಗಾಳಿಗೆ ರೆಕ್ಕಿ ಹಿಡಿಯೂದು ಕೈ, ಮೂತಿ ಹಿಡಿಯೂದು ಕಾಲು. ಎಲ್ಲಾ ಗೊತ್ತೈತಿ. ನೆಲ ಹತ್ರ ಬಂತಂದ್ರ ಕೈ ಟ್ರ್ಯಾಕ್ಟರ್ ಸ್ಟೇರಿಂಗ್ ಅಂತ ತಿಳಕೊಂತೈತಿ. ಕಾಲು ಕಲ್ಲಾಗತೈತಿ. ನೆನಪಾಗಿ ಒತ್ತಿದ್ನಂದ್ರ ಬ್ರೇಕ್ ಒತ್ತಿದಂಗ ಒತ್ತಿಬಿಡ್ತೇನಿ.”

“ಮಗಳು ಇಮಾನ ನಡಸ್ತಾಳ ಅಂತ ಊರ ತುಂಬ ಹೇಳೇನಿ. ಈಗ ಬಾಜೂ ಹೊಲದಾಗ ಇಳಸ್ತಾಳ ಅಂತ ಹೇಳಲೇನು?”

ಯಶೋಧಾ ನಗಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಾಲನ್ನೇ ನೋಡತೊಡಗಿದಳು.

ನಾನು ಪರಾತದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಏಳು ತಿಂಗಳ ಮಗ ಯುವರಾಜ ತೊಟ್ಟಿಲಲ್ಲಿ ಮಲಗಿದ್ದ. ತೊಟ್ಟಿಲ ಹಗ್ಗ ನನ್ನ ಬಲಗಾಲಿನ ಹೆಬ್ಬೆರಳಿಗೆ ಕಟ್ಟಿತ್ತು.

“ವೈನಿ, ನೀವು ರೊಟ್ಟಿ ಬಡ್ಯಾಕತ್ತೀರಿ, ನನ್ನ ಜೋಡಿ ಮಾತಾಡಾಕತ್ತೀರಿ. ಕಾಲಿಗೆ ಯಾವಾಗ ಹೇಳ್ತೀರಿ?”

ನನಗೇ ಗೊತ್ತಿರಲಿಲ್ಲ. ಯೋಚಿಸಿ ಹೇಳಿದೆ: “ತೊಟ್ಲಾ ನಿಂದ್ರೂಕಿಂತ ಮೊದಲ ಒಂದೀಟು ಎಳಿಬೇಕು. ನಿಂತ ಮ್ಯಾಲೆ ಎಳದ್ರ ಏಳ್ತಾನ. ಜೋರ್ ಎಳದ್ರೂ ಏಳ್ತಾನ.”

“ಮೇಡಂನೂ ಇದನ್ನ ಹೇಳ್ತಾರ್ರಿ. ಮೂತಿ ಹೊಳ್ಳೂಕಿಂತ ಮೊದಲ ಒಂದೀಟು ಅಂತ.”

ತೊಟ್ಟಿಲಿನಿಂದ ವಿಮಾನ ಕಲಿಯಬಹುದೆಂದು ನಾನು ನಂಬಿದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ಸುಮ್ಮನೆ ಕುಳಿತು ಅಳುವುದಕ್ಕಿಂತ ಮೇಲು ಎನಿಸಿತು, ಅಷ್ಟೆ. ಮರುದಿನ ಬೆಳಿಗ್ಗೆ ಹಗ್ಗವನ್ನು ಅವಳ ಹೆಬ್ಬೆರಳಿಗೆ ಕಟ್ಟಿ, ಹಿಟ್ಟಿನ ಮುದ್ದೆ ಮುಂದಿಟ್ಟೆ.

ಕೈ ಬಡಿದರೆ ಕಾಲು ನಿಲ್ಲುತ್ತಿತ್ತು, ಕಾಲು ಎಳೆದರೆ ಕೈ ನಿಲ್ಲುತ್ತಿತ್ತು. ಯುವರಾಜ ನಾಲ್ಕು ಸಲ ಎದ್ದ.

ಅತ್ತೆ ಹಂಚಿನಲ್ಲಿ ಇಣುಕಿದರು. “ಇದು ರೊಟ್ಟಿಯೋ, ಇಂಡಿ ತಾಲೂಕಿನ ನಕಾಶೆಯೋ?”

“ಕಾಲ ನೋಡಬ್ಯಾಡ,” ಎಂದೆ ಅವಳಿಗೆ. “ತೊಟ್ಲಾನೂ ನೋಡಬ್ಯಾಡ. ನನ್ನ ಜೋಡಿ ಮಾತಾಡು.”

ಮೂರನೇ ದಿನ ಬಲಗಾಲು ಒಂದಿಷ್ಟು ಪಳಗಿತು. ಅವಳೇ ಹಗ್ಗ ಬಿಚ್ಚಿ ಎಡಗಾಲಿಗೆ ಕಟ್ಟಿಕೊಂಡಳು, ಮತ್ತೆ ನಕಾಶೆಗಳು ಶುರುವಾದವು. ಭಾನುವಾರ ಮಧ್ಯಾಹ್ನ ಹಾಸ್ಟೆಲಿನ ಸಾರಿನ ಕತೆ ಹೇಳುತ್ತ ಹೇಳುತ್ತ ಒಂಬತ್ತು ರೊಟ್ಟಿ ಬಡಿದು ಮುಗಿಸಿದಳು. ಮಗ ಕದಲಲಿಲ್ಲ. ಅವಳು ಅದನ್ನು ಗಮನಿಸಿರಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಆ ಕಾಲು ಮತ್ತೆ ಕಲ್ಲಾಗುತ್ತಿತ್ತೇನೋ. ಸಂಜೆ ಗುರುನಾಥ ಅವಳನ್ನು ಬಸ್ಸಿಗೆ ಹತ್ತಿಸಿ ಬಂದರು.

ಸೋಮವಾರ ಹನ್ನೊಂದಕ್ಕೆ ಫೋನ್ ಬಂತು. ಮಗನ ಮೈಗೆ ಎಣ್ಣೆ ಹಚ್ಚುತ್ತಿದ್ದೆ, ಮೊಣಕೈಯಿಂದ ಸ್ಪೀಕರ್ ಒತ್ತಿದೆ.

“ಎಡಕಿನಿಂದ ಸಣ್ಣಗ ಗಾಳಿ ಇತ್ತುರಿ ವೈನಿ. ಎಡ ರೆಕ್ಕಿ ಒಂದೀಟು ಬಗ್ಗಿಸಿ ಹಿಡಿದೆ. ಬಲಗಾಲು ಏನ್ ಮಾಡಾಕತ್ತೈತಿ ಅಂತ ಗಾಲಿ ನೆಲಕ್ಕ ಹತ್ತೂತನಕ ನೆನಪ ಆಗಲಿಲ್ಲ. ನೋಡಿದ್ರ ಬಿಳಿ ಗೆರಿ ನಟ್ಟ ನಡುವ ಐತಿ. ಮೂರು ಸಲ ಹಂಗ ಇಳಿಸಿದೆ. ಮೇಡಂ ಬಾಗಲ ತಗದು ಇಳದೇ ಬಿಟ್ರು. ಈಗ ಒಬ್ಬಾಕಿನೇ ಹೋಗಿ ಬಾ ಅಂದ್ರು.”

“ಹೋದ್ಯೇನು?”

“ಹೋಗಿ ಬಂದು ಫೋನ್ ಮಾಡಾಕತ್ತೇನಿ.”

“ಒಬ್ಬಾಕಿನೇ ಅಂಜಲಿಲ್ಲೇನ?” ಎಂದೆ.

“ನೆಲ ಹತ್ರ ಬಂದಾಗ ಕಾಲು ನೆನಪಾಗಾಕತ್ತಿತ್ರಿ. ನೀವು ಮಾತಾಡು ಅಂದಿದ್ರಿ, ಮಾತಾಡಾಕ ಯಾರೂ ಇರಲಿಲ್ಲ. ಬಾಜೂ ಖಾಲಿ ಸೀಟಿಗೆ ಯುವರಾಜನ ಹಲ್ಲಿನ ಸುದ್ದಿ ಹೇಳಕೊಂತ ಇಳಿಸಿದೆ.”

ಅತ್ತೆ ಫೋನಿನ ಹತ್ತಿರ ಬಗ್ಗಿದರು. “ನೆಟ್ಟಗ ಇಳಿತೇನ?”

“ಗೆರಿ ಮ್ಯಾಲೇ, ಯವ್ವಾ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಹಂಗಾದ್ರ ಮುಂದಿನ ರಜಾಕ್ಕ ಬಂದಾಗ,” ಎಂದರು, “ರೊಟ್ಟಿ ದುಂಡಗ ಬಡಿಯೂದೊಂದು ಕಲಕೊಂಡು ಹೋಗು.”